ಬೆತ್ತದ ಕತ್ತಿಯ ಕೂಟಕ್ಕೆ ಹೋಗುವವರಿಗೆ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ವಾರಾಂತ್ಯದ ‘ಮಧ್ಯಯುಗ’ ಕೂಟಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಚಿತ್ರಪುಟ ನೋಡಿದೆವು. ಚಿತ್ರಗಳು ಚೆನ್ನಾಗಿದ್ದವು. ಅಡಿಬರಹದಲ್ಲಿ ಮಾತ್ರ ಅದನ್ನು ‘ದೊಡ್ಡವರ ಛದ್ಮವೇಷ ಸ್ಪರ್ಧೆ’ ಎಂದು ಕರೆದಿದ್ದೀರಿ. ಆ ಮಾತು ನಂಬಿ ಬಾಡಿಗೆ ಅಂಗಡಿಯ ಪಾಲಿಯೆಸ್ಟರ್ ನಿಲುವಂಗಿ, ಪ್ಲಾಸ್ಟಿಕ್ ಕಿರೀಟ ತೊಟ್ಟು ಹೋದವರು ರಾತ್ರಿಯ ಚಳಿಗೆ ನಡುಗಿ, ಬೆಳಗಾಗುತ್ತಲೇ ಗಂಟುಮೂಟೆ ಕಟ್ಟುತ್ತಾರೆ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಇಂಥ ಕೂಟಗಳಿಗೆ ಹೋಗಿಬರುವ ಕೆಲವು ಕನ್ನಡಿಗರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಇಲ್ಲಿ ಓದುವ, ದುಡಿಯುವ ನಮ್ಮ ಹುಡುಗ ಹುಡುಗಿಯರಿಗೆ ಉಪಯೋಗಕ್ಕೆ ಬರಬಹುದು.

ನಿಮ್ಮ ಚಿತ್ರಗಳಲ್ಲಿದ್ದದ್ದು ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ’ ಎಂಬ, ಹಳೆಯ ಕಾಲದ ಉಡುಗೆ, ಅಡುಗೆ, ಕಾದಾಟಗಳನ್ನು ತಾವೇ ಮಾಡಿ ನೋಡುವವರ ಸಂಸ್ಥೆಯ ಕೂಟ. ಎಲ್ಲರೂ ಎಸ್‌ಸಿಎ ಎನ್ನುತ್ತಾರೆ. 1966ರ ಮೇ 1ರಂದು ಬರ್ಕ್ಲಿಯ ಒಂದು ಮನೆಯ ಹಿತ್ತಿಲಲ್ಲಿ ಗೆಳೆಯರು ಸೇರಿ ಆಡಿದ ಕಾದಾಟದ ಪಂದ್ಯದಿಂದ ಶುರುವಾದದ್ದು ಇದು. ನಮ್ಮ ಶಾಲಿವಾಹನ ಶಕೆಯ ಹಾಗೆ ಇವರೂ ಆ ದಿನದಿಂದ ತಮ್ಮದೇ ವರ್ಷ ಎಣಿಸುತ್ತಾರೆ. ಸಂಸ್ಥೆಯ ಪ್ರಾಂತವಾರು ಶಾಖೆಗಳಿಗೆ ‘ರಾಜ್ಯ’ ಎಂದೇ ಹೆಸರು; ಈಗ ಅಂಥವು ಇಪ್ಪತ್ತಿವೆ, ಉತ್ತರ ಕ್ಯಾಲಿಫೋರ್ನಿಯಾ ‘ವೆಸ್ಟ್’ ರಾಜ್ಯಕ್ಕೆ ಸೇರಿದ್ದು. ಇಲ್ಲಿ ವರ್ಷಕ್ಕೆ ಮೂರು ಸಲ ಪಂದ್ಯ ಕಟ್ಟಿ, ಗೆದ್ದವರನ್ನು ಮುಂದಿನ ದೊರೆಯಾಗಿ ಮಾಡುತ್ತಾರೆ. ಪೆನ್ಸಿಲ್ವೇನಿಯಾದ ‘ಪೆನ್ಸಿಕ್’ ಎಂಬ ಎರಡು ವಾರದ ಬೇಸಿಗೆ ಕೂಟಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರುವುದುಂಟು. ಹೊಸಬರು ಅಲ್ಲಿಂದ ಶುರು ಮಾಡುವುದು ಬೇಡ. ಊರ ಹತ್ತಿರದ, ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗಿನ ಸಣ್ಣ ಕೂಟ ಸಾಕು.

ಇಂಗ್ಲೆಂಡಿನಲ್ಲಿ ನಡೆಯುವುದೇ ಬೇರೆ ಬಗೆ. ಟ್ಯೂಕ್ಸ್‌ಬರಿಯಲ್ಲಿ 1471ರ ಯುದ್ಧವನ್ನು ಪ್ರತಿ ಜುಲೈನಲ್ಲೂ ಹಗ್ಗದಾಚೆ ನಿಂತ ಜನರಿಗೆ ಆಡಿ ತೋರಿಸುತ್ತಾರೆ. ಅಂದು ಸೋತ ಲಂಕಾಸ್ಟರ್ ಪಕ್ಷ ಪ್ರತಿ ಸಲವೂ ಸೋಲಲೇಬೇಕು. ಎಸ್‌ಸಿಎ ಕೂಟದಲ್ಲಿ ಯಾರು ಗೆಲ್ಲುತ್ತಾರೆಂಬುದು ಪಂದ್ಯ ಮುಗಿಯುವ ತನಕ ಯಾರಿಗೂ ತಿಳಿದಿರುವುದಿಲ್ಲ, ಪ್ರೇಕ್ಷಕರೆಂಬ ಪ್ರತ್ಯೇಕ ವರ್ಗವೂ ಇಲ್ಲ. ಒಳಗೆ ಬಂದವರೆಲ್ಲ 17ನೇ ಶತಮಾನಕ್ಕೆ ಮುಂಚಿನ ಉಡುಪನ್ನು ಒಂದಿಷ್ಟಾದರೂ ಪ್ರಯತ್ನಪಟ್ಟು ತೊಟ್ಟಿರಬೇಕು. ನಿಯಮದಲ್ಲಿರುವುದೂ ‘ಪ್ರಯತ್ನ’ ಎಂಬ ಮಾತೇ. ಏನೂ ಇಲ್ಲದವರಿಗೆ ‘ಗೋಲ್ಡ್ ಕೀ’ ಎಂಬ ಮೇಜಿನಲ್ಲಿ ಬಟ್ಟೆ ಎರವಲು ಸಿಗುತ್ತದೆ. ಹೊಸಬರ ಯೋಗಕ್ಷೇಮ ನೋಡಿಕೊಳ್ಳಲೆಂದೇ ‘ಶಾಟಲೇನ್’ ಎಂಬ ಹುದ್ದೆಯವರಿರುತ್ತಾರೆ. ಅವರಿಗೆ ಒಂದು ವಾರ ಮುಂಚೆ ನಿಮ್ಮ ಎತ್ತರ, ಎದೆಸುತ್ತು ಬರೆದು ಕಳುಹಿಸಿದರೆ ಅಳತೆಗೆ ಹೊಂದುವುದನ್ನು ತೆಗೆದಿಡುತ್ತಾರೆ. ಬಾಗಿಲಲ್ಲಿ ಶುಲ್ಕ ಕಟ್ಟಿ, ಗಾಯವಾದರೆ ಹೊಣೆ ನಮ್ಮದೇ ಎಂಬ ಕಾಗದಕ್ಕೆ ಸಹಿ ಹಾಕಬೇಕು. ಸದಸ್ಯರಲ್ಲದವರಿಗೆ ಶುಲ್ಕ ಸ್ವಲ್ಪ ಹೆಚ್ಚು.

ಆದರೂ ಸ್ವಂತದ್ದೊಂದು ಅಂಗಿ ಹೊಲಿದುಕೊಳ್ಳುವುದೇ ಮೇಲು. ಮಂಡಿಯವರೆಗಿನ ಸಾದಾ ನಿಲುವಂಗಿ ಸಾಕು. ನೂರೈವತ್ತು ಸೆಂಟಿಮೀಟರ್ ಪನ್ನದ ಲಿನನ್ ಎರಡೂವರೆಯಿಂದ ಮೂರು ಮೀಟರ್ ತನ್ನಿ. ಕತ್ತರಿ ಹಾಕುವ ಮೊದಲು ಬಿಸಿನೀರಲ್ಲಿ ಎರಡು ಸಲ ಒಗೆದು ಒಣಗಿಸಬೇಕು. ಲಿನನ್ ಮೀಟರಿಗೆ ನಾಲ್ಕೈದು ಸೆಂಟಿಮೀಟರ್ ಸಲೀಸಾಗಿ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಅಂಗಿ ತಮ್ಮನಿಗೆ. ಎದೆಸುತ್ತು 100 ಸೆಂ.ಮೀ. ಇದ್ದರೆ ಸಡಿಲಕ್ಕೆ 12 ಸೇರಿಸಿ ಅರ್ಧ ಮಾಡಿ, ಎರಡೂ ಬದಿಯ ಹೊಲಿಗೆಗೆ ಒಂದೂವರೆಯಂತೆ ಕೂಡಿಸಿ: ಮುಂಭಾಗಕ್ಕೊಂದು, ಹಿಂಭಾಗಕ್ಕೊಂದು 59 ಸೆಂ.ಮೀ. ಅಗಲದ ತುಂಡು ಬರುತ್ತದೆ. ತೋಳುಗಳು ಮುಂಗೈಯತ್ತ ಕಿರಿದಾಗುವ ನೇರ ತುಂಡುಗಳು. ಸೊಂಟದಿಂದ ಕೆಳಗೆ ಎರಡು ಬದಿಗೂ ತ್ರಿಕೋನದ ತುಂಡು ಸೇರಿಸಬೇಕು, ಇಲ್ಲದಿದ್ದರೆ ದಾಪುಗಾಲು ಹಾಕಿದಾಗ ಅಂಗಿ ತೊಡೆಗೆ ಬಿಗಿದುಕೊಳ್ಳುತ್ತದೆ.

ಹೆಚ್ಚು ಜನ ಕೈಬಿಡುವುದು ಕಂಕುಳಿನ ಚೌಕವನ್ನು. ಹನ್ನೆರಡರಿಂದ ಹದಿನೈದು ಸೆಂಟಿಮೀಟರಿನ ಚೌಕ ತುಂಡನ್ನು ಮೂಲೆಯ ಮೇಲೆ ನಿಲ್ಲಿಸಿ, ತೋಳು ಮತ್ತು ಮೈಯ ಬಟ್ಟೆ ಕೂಡುವಲ್ಲಿ ಕೂರಿಸಬೇಕು. ಕೂರಿಸುವುದು ತಲೆನೋವಿನ ಕೆಲಸ, ನಿಜ. ಬಿಟ್ಟರೆ ಕೈ ಎತ್ತಿದಾಗಲೆಲ್ಲ ಇಡೀ ಅಂಗಿ ಸೊಂಟದವರೆಗೆ ಏರುತ್ತದೆ, ಗುಡಾರದ ಹಗ್ಗ ಎಳೆಯುವಾಗ ಕಂಕುಳಲ್ಲಿ ಪರ್ರನೆ ಹರಿಯುತ್ತದೆ. ಇನ್ನೊಂದು ತಪ್ಪು ಕುತ್ತಿಗೆಯದು. ತಲೆ ತೂರಬೇಕೆಂದು ದೊಡ್ಡ ಸುತ್ತು ಕತ್ತರಿಸಿದರೆ ಅಂಗಿ ಭುಜದಿಂದ ಜಾರುತ್ತದೆ, ಅದನ್ನು ಸರಿಪಡಿಸಲು ದಾರಿಯಿಲ್ಲ. ಅಗಲ 16 ಸೆಂ.ಮೀ., ಹಿಂದಕ್ಕೆ 2, ಮುಂದಕ್ಕೆ 6 ಕತ್ತರಿಸಿ. ತಲೆ ತೂರಲು ಮುಂದೆ ಹತ್ತು ಹನ್ನೆರಡು ಸೆಂಟಿಮೀಟರಿನ ಸೀಳು ಕೊಟ್ಟು, ಒಳಗಿನಿಂದ ಪಟ್ಟಿ ಹಚ್ಚಿ. ಚಿಕ್ಕದಾದರೆ ಆಮೇಲೆ ಹಿಗ್ಗಿಸಬಹುದು.

ಬಟ್ಟೆ ಯಾವುದೆಂದು ಅಂಗಡಿಯವನ ಮಾತು ನಂಬಬೇಡಿ, ಒಂದು ಎಳೆ ಎಳೆದು ಸುಟ್ಟು ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ತಾನೇ ಆರುತ್ತದೆ. ಲಿನನ್, ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಬೆಂಕಿಯ ಸುತ್ತ ಕೂರುವ ಕಡೆ ಆ ಕರಗಿದ ಗುಂಡು ಚರ್ಮಕ್ಕೆ ಅಂಟುತ್ತದೆಂಬುದೇ ಅದನ್ನು ಬೇಡವೆನ್ನಲು ಮೊದಲ ಕಾರಣ; ಚರಿತ್ರೆಯ ಕಾರಣ ಆಮೇಲಿನದು.

ಯುರೋಪಿನವರ ಉಡುಪೇ ಆಗಬೇಕೆಂದೂ ಇಲ್ಲ. ಎಸ್‌ಸಿಎಯ ಒಲವು ಯುರೋಪಿನತ್ತ ಇದ್ದರೂ ಆ ಕಾಲದ ಬೇರೆ ನಾಡಿನವರಾಗಿ ಬರುವುದಕ್ಕೆ ಅಡ್ಡಿಯಿಲ್ಲ. ವಿಜಯನಗರದ ಆಸ್ಥಾನದವರು ತೊಡುತ್ತಿದ್ದ ಕಬಾಯಿ ಎಂಬ ನಿಲುವಂಗಿ ಮತ್ತು ಕುಲಾವಿ ಎಂಬ ಉದ್ದನೆಯ ಟೊಪ್ಪಿಗೆಯನ್ನು ಲೇಪಾಕ್ಷಿಯ ಚಾವಣಿ ಚಿತ್ರಗಳಲ್ಲಿ ಇಂದಿಗೂ ನೋಡಬಹುದು; ಅವು 1530ರ ದಶಕದ ಆಸುಪಾಸಿನವು. ಕಬಾಯಿಗೆ ತೆಳು ಹತ್ತಿ ನಾಲ್ಕು ಮೀಟರ್ ಬೇಕು. ಕುಲಾವಿಯ ಒಳಗೆ ರಟ್ಟು ಹಾಕಬೇಡಿ. ಮುಂಜಾನೆಯ ಇಬ್ಬನಿಗೆ ರಟ್ಟು ಮೆತ್ತಗಾಗಿ, ಕುಲಾವಿ ಬಾಡಿದ ಬಾಳೆಹೂವಿನಂತೆ ಒಂದು ಕಡೆಗೆ ವಾಲುತ್ತದೆ. ಎರಡು ಪದರ ದಪ್ಪ ಕ್ಯಾನ್ವಾಸ್ ಹಾಕಿ ಒತ್ತೊತ್ತಾಗಿ ಹೊಲಿದರೆ ನಿಲ್ಲುತ್ತದೆ. ಹೆಂಗಸರಿಗೆ ಹತ್ತಿಯ ಅಥವಾ ರೇಷ್ಮೆಯ ಸೀರೆ, ಸಾದಾ ಕುಪ್ಪಸ ಸಾಕು. ಮೇಲೆ ಹೊದೆಯಲು ಉಣ್ಣೆಯ ಶಾಲು ಇರಲಿ, ಕ್ಯಾಲಿಫೋರ್ನಿಯಾದ ಬಯಲಲ್ಲಿ ಹಗಲು ಸುಟ್ಟರೂ ರಾತ್ರಿ ಕೊರೆಯುತ್ತದೆ.

ನಮ್ಮವರು ಗೊತ್ತಿಲ್ಲದೆ ಸಿಕ್ಕಿಬೀಳುವ ಜಾಗ ಎರಡು. ಎಸ್‌ಸಿಎಯಲ್ಲಿ ಬಿಳಿ ನಡುಪಟ್ಟಿ ಮತ್ತು ಪದಕವಿಲ್ಲದ ಬೋಳು ಚಿನ್ನದ ಸರ ‘ನೈಟ್’ ಎಂಬ ಬಿರುದು ಪಡೆದ ಕಾದಾಳುಗಳ ಗುರುತು. ಬಿಳಿ ಪಂಚೆಯ ಮೇಲೆ ಬಿಳಿ ದಟ್ಟಿ ಬಿಗಿದು, ಅಮ್ಮ ಹಾಕಿದ ಸರ ಹೊರಗೆ ಕಾಣುವಂತೆ ಬಿಟ್ಟುಕೊಂಡು ಹೋದರೆ ಹತ್ತು ಜನ ಬಂದು ವಿನಯದಿಂದಲೇ ವಿಚಾರಿಸುತ್ತಾರೆ. ದಟ್ಟಿ ಕೆಂಪೋ ನೀಲಿಯೋ ಇರಲಿ, ಸರ ಅಂಗಿಯೊಳಗಿರಲಿ. ಕಿರೀಟದಂಥದ್ದನ್ನು ತಲೆಗೆ ಹಾಕಲೇಬೇಡಿ. ಹೆಸರಿನ ವಿಷಯವೂ ಹೀಗೆಯೇ. ಕೂಟಕ್ಕೊಂದು ಹೆಸರು ಇಟ್ಟುಕೊಂಡು ಅದನ್ನು ನೋಂದಾಯಿಸಬಹುದು; ಕನಿಷ್ಠ ಎರಡು ಭಾಗವಿರಬೇಕು, ಆ ಕಾಲದಲ್ಲಿ ಬಳಕೆಯಲ್ಲಿತ್ತೆಂಬುದಕ್ಕೆ ಆಧಾರ ಕೊಡಬೇಕು. ‘ಕೃಷ್ಣದೇವರಾಯ’ ಸಿಗುವುದಿಲ್ಲ: ಹೆಸರಾಂತ ದೊರೆಯ ಹೆಸರು ಯಾರಿಗೂ ಇಲ್ಲ. ಆಧಾರಕ್ಕಾದರೆ ನಮ್ಮಷ್ಟು ಸಿರಿವಂತರು ಯಾರಿದ್ದಾರೆ? ನಮ್ಮ ಶಾಸನಗಳನ್ನು ಕಲೆಹಾಕಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟ ತೆರೆದರೆ ವೀರಗಲ್ಲಿನ ಬಂಟರು, ದತ್ತಿ ಬಿಟ್ಟ ಹೆಗ್ಗಡತಿಯರು, ಸಾಕ್ಷಿ ಹಾಕಿದ ಗೌಡರು ಸಾಲಾಗಿ ನಿಂತಿದ್ದಾರೆ, ತಾರೀಖಿನ ಸಮೇತ.

ಇನ್ನು ಕಾದಾಟ. ಕತ್ತಿ ಬೆತ್ತದ್ದು, ಮೇಷ್ಟ್ರ ಕೈಯಲ್ಲಿದ್ದ ಅದೇ ಬೆತ್ತದ ದೊಡ್ಡಣ್ಣ. ಒಂದೂಕಾಲು ಇಂಚಿಗಿಂತ, ಅಂದರೆ ಸುಮಾರು 32 ಮಿ.ಮೀ.ಗಿಂತ ತೆಳುವಾಗಿರಬಾರದು. ಬಿದಿರಿಗೆ ಇಲ್ಲಿ ಜಾಗವಿಲ್ಲ. ಬಿದಿರು ಟೊಳ್ಳು, ಮುರಿದರೆ ಚೂಪಾದ ಸೀಳುಗಳಾಗಿ ಒಡೆದು, ಶಿರಸ್ತ್ರಾಣದ ಸರಳುಗಳ ನಡುವೆ ನುಗ್ಗಬಹುದು. ಬೆತ್ತದ ಒಳಗೆಲ್ಲ ಉದ್ದುದ್ದ ನಾರು. ಎಷ್ಟು ಬಡಿದರೂ ಅದು ಪೊರಕೆಯಂತೆ ಕೆದರುತ್ತದೆಯೇ ಹೊರತು ಸಿಡಿಯುವುದಿಲ್ಲ. ಸಿಪ್ಪೆಯನ್ನು ಹಾಗೆಯೇ ಉಳಿಸಿಕೊಂಡು, ಉದ್ದಕ್ಕೂ ನಾರಿನ ಟೇಪ್, ಅದರ ಮೇಲೆ ಡಕ್ಟ್ ಟೇಪ್ ಸುತ್ತಿ, ಅಲಗು ಯಾವ ಕಡೆಯೆಂದು ಬೇರೆ ಬಣ್ಣದ ಟೇಪಿನಿಂದ ಗೆರೆ ಎಳೆಯುತ್ತಾರೆ. ಕೆಲವು ತಿಂಗಳ ಆಟದಲ್ಲಿ ಟೇಪಿನ ಒಳಗೇ ನಾರು ಬಿಡಿಬಿಡಿಯಾಗುತ್ತದೆ. ಹೊರಗೆ ಕಾಣುವುದಿಲ್ಲ, ಬೆರಳಲ್ಲಿ ಅದುಮಿದರೆ ಆ ಜಾಗ ಮೆತ್ತಗಿರುತ್ತದೆ. ಕಣದ ಸುರಕ್ಷತೆ ನೋಡಿಕೊಳ್ಳುವ ‘ಮಾರ್ಷಲ್’ ಬೆಳಿಗ್ಗೆ ಎಲ್ಲರ ಕತ್ತಿಯನ್ನೂ ಹೀಗೆ ಅದುಮುತ್ತ ಬರುತ್ತಾರೆ. ಮೆತ್ತಗಾದದ್ದು ಅಂದು ಕಣಕ್ಕಿಳಿಯುವುದಿಲ್ಲ.

ಶಿರಸ್ತ್ರಾಣ 16 ಗೇಜಿನ, ಅಂದರೆ ಸುಮಾರು ಒಂದೂವರೆ ಮಿ.ಮೀ. ದಪ್ಪದ ಉಕ್ಕಿನದಾಗಿರಬೇಕು, ಒಳಗೆ ಅರ್ಧ ಇಂಚಿನ ಮೆತ್ತೆ ಬೇಕು. ಮುಖದ ಸರಳುಗಳ ನಡುವೆ ಒಂದಿಂಚಿನ ಕಡ್ಡಿ ತೂರಬಾರದು, ಮಾರ್ಷಲ್ ಕಡ್ಡಿ ಇಟ್ಟೇ ನೋಡುತ್ತಾರೆ. ಆಮೇಲೆ ಸರಳು ಹಿಡಿದು ಅತ್ತಿತ್ತ ಅಲುಗಿಸುತ್ತಾರೆ. ಅಲುಗಿಸಿದಾಗ ಮೂಗೋ ಗದ್ದವೋ ಸರಳಿಗೆ ತಾಗಿದರೆ ಮೆತ್ತೆ ಸಾಲದು, ಗದ್ದದ ಪಟ್ಟಿ ಸಡಿಲ ಎಂದರ್ಥ. ಎರವಲು ಶಿರಸ್ತ್ರಾಣಗಳು ಎಡವುವುದು ಇಲ್ಲಿಯೇ, ಏಕೆಂದರೆ ಅವು ಇನ್ನೊಬ್ಬರ ತಲೆಗೆ ಮಾಡಿದವು. ಕುತ್ತಿಗೆ, ಮೊಣಕೈ, ಕೈ, ಮೂತ್ರಪಿಂಡದ ಭಾಗ, ತೊಡೆಸಂದು, ಮಂಡಿ: ಇಷ್ಟಕ್ಕೂ ರಕ್ಷೆ ಇಲ್ಲದೆ ಒಳಗೆ ಬಿಡುವುದಿಲ್ಲ. ಎಲ್ಲ ತೊಟ್ಟರೆ ಹದಿನೈದರಿಂದ ಇಪ್ಪತ್ತೈದು ಕಿಲೋ. ಮೊದಲ ವಾರಾಂತ್ಯದಲ್ಲೇ ಕತ್ತಿ ಹಿಡಿಯಬಹುದೆಂಬ ಆಸೆ ಬೇಡ. ವಾರದ ಅಭ್ಯಾಸಗಳಿಗೆ ಹೋಗಿ ಕಲಿತು, ಮಾರ್ಷಲ್‌ಗಳ ಮುಂದೆ ಆಡಿ ತೋರಿಸಿ ಅನುಮತಿ ಪಡೆಯಬೇಕು.

ಏಟು ಬಿತ್ತೋ ಇಲ್ಲವೋ ಎಂದು ಹೇಳುವವರು ಯಾರು ಗೊತ್ತೇ? ಹೊಡೆದವರೂ ಅಲ್ಲ, ಮಾರ್ಷಲ್ಲೂ ಅಲ್ಲ, ಏಟು ತಿಂದವರೇ. ಎಲ್ಲರೂ ಮೈಗೆ ಸರಪಳಿ ಅಂಗಿ, ತಲೆಗೆ ಮುಖ ತೆರೆದ ಕಬ್ಬಿಣದ ಟೋಪಿ ಹಾಕಿದ್ದಾರೆಂದು ಲೆಕ್ಕ. ನಿಜವಾಗಿ ತೊಟ್ಟದ್ದು ಏನೇ ಇರಲಿ. ಅದನ್ನು ದಾಟಿ ನಾಟುವಷ್ಟು ಬಲದ ಏಟು ಅಲಗಿನಿಂದ ಬಿದ್ದರೆ ‘ಗುಡ್’ ಎಂದು ತಾವೇ ಕೂಗಿ ನೆಲಕ್ಕುರುಳಬೇಕು. ತೊಡೆಗೆ ಬಿದ್ದರೆ ಮಂಡಿಯೂರಿ ಆಡಬೇಕು. ತೋಳಿಗೆ ಬಿದ್ದರೆ ಆ ಕೈ ಬೆನ್ನ ಹಿಂದೆ. ಮಂಡಿಗೆ, ಅದರ ಕೆಳಗೆ, ಮಣಿಕಟ್ಟಿಗೆ, ಅದರಾಚೆಗಿನ ಕೈಗೆ ಹೊಡೆಯುವಂತಿಲ್ಲ. ಅಲಗಲ್ಲದ ಚಪ್ಪಟೆ ಬದಿ ತಗುಲಿದರೆ ‘ಫ್ಲ್ಯಾಟ್’, ಜಾರಿಹೋದರೆ ‘ಲೈಟ್’ ಎಂದು ಹೇಳಿ ಮುಂದುವರಿಸುತ್ತಾರೆ. ಏಟು ತಿಂದೂ ಒಪ್ಪದವರಿಗೆ ‘ರೈನೋ’ ಎಂಬ ಅಡ್ಡಹೆಸರು, ಘೇಂಡಾಮೃಗದ ಚರ್ಮದವರೆಂದು. ಎಲ್ಲ ಸಲವೂ ಅದು ಮೋಸವಲ್ಲ ಎನ್ನಬೇಕು. ಮೆತ್ತೆ ಅತಿಯಾಗಿದ್ದರೆ, ಬಿಸಿಲಿಗೆ ಮೈ ಮರಗಟ್ಟಿದ್ದರೆ, ರೋಷ ಏರಿದ್ದರೆ ಏಟಿನ ಬಲ ನಿಜಕ್ಕೂ ತಿಳಿಯುವುದಿಲ್ಲ. ಆಗ ಎದುರಾಳಿ ಇನ್ನೂ ಬಲವಾಗಿ ಹೊಡೆಯತೊಡಗುತ್ತಾರೆ, ಗಾಯಗಳು ಹೆಚ್ಚು ಆಗುವುದು ಅಲ್ಲಿಂದ. ಹೊಸಬರ ತಪ್ಪು ಇದಕ್ಕೆ ತಿರುಗುಮುರುಗು: ತಗುಲಿದ್ದಕ್ಕೆಲ್ಲ ಸತ್ತುಬೀಳುತ್ತಾರೆ. ಅದೂ ಸರಿಯಲ್ಲ, ಎದುರಾಳಿಗೆ ಆಟವೇ ಸಿಗುವುದಿಲ್ಲ.

ಎಲ್ಲಿಂದಲೇ ಆಗಲಿ ‘ಹೋಲ್ಡ್’ ಎಂಬ ಕೂಗು ಕೇಳಿಸಿದರೆ ಕೇಳಿದವರೆಲ್ಲ ತಾವೂ ಅದನ್ನೇ ಕೂಗಿ ನಿಂತಲ್ಲೇ ನಿಲ್ಲಬೇಕು. ಗುಂಪು ಕಾದಾಟದಲ್ಲಾದರೆ ಒಂದು ಮಂಡಿ ಊರಬೇಕು. ಯಾರದೋ ಪಟ್ಟಿ ಕಳಚಿರಬಹುದು, ಮಗುವೊಂದು ಹಗ್ಗ ದಾಟಿರಬಹುದು. ಬದಿಯಲ್ಲಿ ನಿಂತು ನೋಡುವವರಿಗೂ ಈ ಕೂಗಿನ ಹಕ್ಕಿದೆ. ಹೊಸಬರಿಗೆ ಮೊದಲ ದಿನ ಮಾಡಲು ಸಿಗುವ ಒಳ್ಳೆಯ ಕೆಲಸ ನೀರು ಕೊಡುವುದು. ನೀರಿನ ಜೊತೆ ಕಿತ್ತಳೆ ಹೋಳು, ಸೌತೆಕಾಯಿ ಉಪ್ಪಿನಕಾಯಿಯ ಉಪ್ಪುನೀರನ್ನೂ ಕೊಡುತ್ತಾರೆ. ಬೆವರಿನಲ್ಲಿ ಹೋದ ಉಪ್ಪು ಬರಿ ನೀರಿನಿಂದ ಮರಳುವುದಿಲ್ಲ. ಬಿಸಿಲಿಗೆ ಬಸವಳಿದು ಯಾರಾದರೂ ಕೇಳಿದ್ದಕ್ಕೆ ಅಡ್ಡಾದಿಡ್ಡಿ ಉತ್ತರ ಕೊಡುತ್ತಿದ್ದರೆ ಮೊದಲು ಶಿರಸ್ತ್ರಾಣ ತೆಗೆಸಿ, ನೆರಳಿಗೆ ಕರೆತಂದು, ಕುತ್ತಿಗೆಗೆ, ಕಂಕುಳಿಗೆ ನೀರು ಹಾಕಿ. ಮಾತು ಆಮೇಲೆ.

ಊಟದ ಬಗ್ಗೆ ಸಸ್ಯಾಹಾರಿಗಳು ಹೆಚ್ಚು ಚಿಂತಿಸುತ್ತಾರೆ. ಸಭಾಂಗಣದಲ್ಲಿ ಔತಣವಿರುವ ಕೂಟಕ್ಕಾದರೆ ಊಟದ ಚೀಟಿ ಬೇರೆ, ಮುಂಗಡ ಹೇಳಬೇಕು, ಅಡುಗೆಯ ಮುಖ್ಯಸ್ಥರಿಗೆ ನೇರ ಬರೆಯಬೇಕು. ‘ಮಾಂಸ ತಿನ್ನುವುದಿಲ್ಲ’ ಎಂದಷ್ಟೇ ಬರೆದರೆ ಸಾಲದು. ತರಕಾರಿ ಸಾರಿಗೆ ಮೂಳೆಯ ರಸ, ಹಿಟ್ಟಿನ ತಿನಿಸಿಗೆ ಹಂದಿಯ ಕೊಬ್ಬು ಇರಬಹುದು. ಅವನ್ನು ಹೆಸರಿಸಿ ಕೇಳಿ. ತಟ್ಟೆ, ಬಟ್ಟಲು, ಲೋಟ, ಚಮಚ, ಚಾಕು, ಒರೆಸುವ ಬಟ್ಟೆ ನೀವೇ ಒಯ್ಯಬೇಕು. ಮರದ ಬಟ್ಟಲನ್ನು ನೀರಲ್ಲಿ ನೆನೆಹಾಕಬೇಡಿ, ಸೀಳುತ್ತದೆ.

ಬಯಲಿನ ಕೂಟದಲ್ಲಿ ಬಿಡಾರದವರು ಕೂಡಿ ಉಣ್ಣುವಾಗ ನಮ್ಮದೊಂದು ತಿನಿಸು ಒಯ್ಯುವುದಾದರೆ ಒಣಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಮನೆಯಲ್ಲೇ ಇರಲಿ. ಮೂರೂ ಅಮೆರಿಕ ಖಂಡದಿಂದ ಬಂದವು. ಮೆಣಸಿನಕಾಯಿ ನಮ್ಮ ಕರಾವಳಿಗೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. ನಮ್ಮ ಮಾತಿನಲ್ಲೇ ನೋಡಿ, ಮೆಣಸು ಮೊದಲು, ಮೆಣಸಿನಕಾಯಿ ಅದರ ಹೆಸರು ಎರವಲು ಪಡೆದದ್ದು. ಖಾರಕ್ಕೆ ಕಾಳುಮೆಣಸು, ಹಿಪ್ಪಲಿ, ಶುಂಠಿ ಧಾರಾಳವಾಗಿ ಹಾಕಿ. ಸುಲಭದ್ದೆಂದರೆ ಇಡ್ಲಿ, ಆದರೆ ಈಗಿನದಲ್ಲ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಹೇಳಿರುವ ಇಡ್ಲಿಗೆ ಅಕ್ಕಿಯಿಲ್ಲ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಮತ್ತು ಸಂಬಾರ ಬೆರೆಸಬೇಕು. ಕಾಲು ಕಿಲೋ ಉದ್ದಿನಬೇಳೆಗೆ ಚಮಚ ಜೀರಿಗೆ, ಅರ್ಧ ಚಮಚ ಮೆಣಸು, ಚಿಟಿಕೆ ಇಂಗು ನಮ್ಮ ಅಂದಾಜು. ಈಗಿನ ಇಡ್ಲಿಗಿಂತ ಒತ್ತಾಗಿರುತ್ತದೆ, ಬಿಸಿಯಿದ್ದಾಗಲೇ ತಿನ್ನಬೇಕು. ಆರಿದರೆ ಪಕ್ಕದ ಬಿಡಾರದವರ ಕವಣೆಗೆ ಕೊಡಬಹುದು.

ಬಿಡಾರಕ್ಕೆ ಮಾಮೂಲಿ ನೈಲಾನ್ ಗುಡಾರವನ್ನೇ ಒಯ್ಯಿರಿ, ಯಾರೂ ಏನೂ ಅನ್ನುವುದಿಲ್ಲ. ಕೆಲವು ಕೂಟಗಳಲ್ಲಿ ಅದಕ್ಕೆ ಬೇರೆ ಜಾಗ ಗುರುತಿಸಿರುತ್ತಾರೆ. ಕ್ಯಾನ್ವಾಸಿನದ್ದೇ ಬೇಕೆನ್ನುವವರು ತಿಳಿದಿರಬೇಕಾದ್ದು: ನಾರಿನ ಹಗ್ಗ ನೆನೆದರೆ ಕುಗ್ಗುತ್ತದೆ. ಮಳೆಯ ಮೋಡ ಕಂಡಾಗ ಸಡಿಲಿಸದಿದ್ದರೆ ರಾತ್ರಿ ಹಗ್ಗವೇ ಗೂಟಗಳನ್ನು ಕಿತ್ತು ಹಾಕುತ್ತದೆ. ಹಗ್ಗಗಳಿಗೆ ಬಿಳಿ ಬಟ್ಟೆಯ ಚೂರು ಕಟ್ಟಿ. ಕತ್ತಲಲ್ಲಿ ಕಾಲು ಉಳುಕಿಸಿಕೊಳ್ಳುವವರು ಕಣದಲ್ಲಿಗಿಂತ ಇಲ್ಲಿ ಕಡಿಮೆಯೇನಲ್ಲ. ಕಂಬಳಿ ಮೂರಿದ್ದರೆ ಎರಡು ಮೈಕೆಳಗೆ, ಒಂದು ಮೇಲೆ, ಏಕೆಂದರೆ ಮೈಯ ಬಿಸಿಯನ್ನು ನೆಲವೇ ಹೀರುತ್ತದೆ. ಗುಡಾರದೊಳಗೆ ದೀಪ ಹಚ್ಚಬೇಡಿ, ಬ್ಯಾಟರಿ ಮೇಣದಬತ್ತಿ ಸಾಕು. ಕಾಳ್ಗಿಚ್ಚಿನ ತಿಂಗಳುಗಳಲ್ಲಿ ಹೊರಗಿನ ಬೆಂಕಿಗೂ ನಿಷೇಧವಿರುತ್ತದೆ, ಹೊರಡುವ ದಿನ ಒಮ್ಮೆ ವಿಚಾರಿಸಿ. ಪಾದರಕ್ಷೆ ಕಂದು ಬಣ್ಣದ ಸಾದಾ ಚರ್ಮದ್ದಿರಲಿ. ಬರಿ ಚರ್ಮದ ಅಟ್ಟೆ ಒದ್ದೆ ಹುಲ್ಲಿನ ಮೇಲೆ ಜಾರುತ್ತದೆ, ಕೆಳಗೆ ತೆಳು ರಬ್ಬರ್ ಹಚ್ಚಿಸಿದರೆ ಚರಿತ್ರೆಗೇನೂ ಭಂಗವಿಲ್ಲ. ಅಂಗಿಗೆ ಜೇಬಿಲ್ಲದ ಕಾರಣ ಸೊಂಟಕ್ಕೊಂದು ಚೀಲ ಬೇಕು. ಕಾರಿನ ಕೀಲಿ, ಮೊಬೈಲು ಅದರಲ್ಲೇ ಇರಲಿ.

ಭಾನುವಾರ ಗುಡಾರ ಇಬ್ಬನಿ ಆರುವ ತನಕ ಬಿಚ್ಚಬೇಡಿ. ಒದ್ದೆ ಕ್ಯಾನ್ವಾಸ್ ಸುತ್ತಿ ಕಾರಿನಲ್ಲಿಟ್ಟರೆ ಮುಂದಿನ ವಾರದೊಳಗೆ ಬೂಸ್ಟು. ಬಂದಾಗ ಎಷ್ಟು ಗೂಟ ಹೊಡೆದಿರೋ ಅಷ್ಟನ್ನೂ ಎಣಿಸಿ ಕಿತ್ತುಕೊಳ್ಳಿ. ಉಳಿದ ಒಂದು ಕಬ್ಬಿಣದ ಗೂಟ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕರೆ, ಮುಂದಿನ ವರ್ಷ ಆ ಬಯಲನ್ನು ಇವರಿಗೆ ಕೊಡುವುದಿಲ್ಲ.

ಇಂತಿ,
ಕೂಟಗಳಿಗೆ ಹೋಗಿಬರುವ ಕೆಲವು ಕನ್ನಡಿಗರು
ಉತ್ತರ ಕ್ಯಾಲಿಫೋರ್ನಿಯಾ